ಫೋಟೋದ ಬೆನ್ನಿಗೊಂದು ಸಾಲು

ಠಾಣೆಯ ವರ್ತಕ ನಗರದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗ ಹವ್ಯಾಸಿ ಛಾಯಾಗ್ರಾಹಕರ ಮಾತುಕತೆ ಇದು. ಹೊಸ ಕ್ಯಾಮೆರಾ ಕೊಳ್ಳುವ ವಿಚಾರದಿಂದ ಶುರುವಾದ ಚರ್ಚೆ ಬಾಲ್ಯದ ನೆನಪುಗಳನ್ನೂ ಕಂಪ್ಯೂಟರಿನ ದಿನನಿತ್ಯದ ಕಾಟಗಳನ್ನೂ ಹಾದು ಬೇರೆಯೇ ಕಡೆಗೆ ತಿರುಗಿತು. ಇಲ್ಲಿ ಮುಖ್ಯವಾದದ್ದು ವಾದ. ಹಾಗಾಗಿ ಹೆಸರುಗಳನ್ನು ಬಿಟ್ಟು ಮಾತನ್ನಷ್ಟೇ ಕೊಟ್ಟಿದೆ.

ಒಬ್ಬರು: ಭಾನುವಾರ ಬೆಳಿಗ್ಗೆ ಉಪವನ ಕೆರೆಯ ದಂಡೆಗೋ ಯೇವೂರು ಬೆಟ್ಟದ ಬುಡಕ್ಕೋ ಹೋದರೆ ಹವ್ಯಾಸಿಗಳ ಬಾಯಲ್ಲಿ ಇರುವುದು ಒಂದೇ ಮಾತು: ಮುಂದಿನ ಬಾಡಿ ಯಾವುದು, ಲೆನ್ಸ್ ಯಾವುದು, ಹಳೆಯದನ್ನು ಮಾರಿದರೆ ಎಷ್ಟು ಬರುತ್ತದೆ. ಇದನ್ನು ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್‌ನ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈಗ ಕತ್ತಲಾಗುವ ಹೊತ್ತಿನಲ್ಲಿ ಓಡುವ ಮಗುವಿನ ಮುಖವನ್ನೂ ಕ್ಯಾಮೆರಾ ಸ್ಪಷ್ಟವಾಗಿ ಹಿಡಿಯುತ್ತದೆ. ಅಂದಮೇಲೆ ನಮ್ಮ ಮಕ್ಕಳ ಬಾಲ್ಯ ನಮ್ಮ ಬಾಲ್ಯಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಇದ್ದ ದುಡ್ಡನ್ನು ಕ್ಯಾಮೆರಾಕ್ಕೆ ಹಾಕುವುದು ಆ ಲೆಕ್ಕದಲ್ಲಿ ಸರಿಯೇ ಅಲ್ಲವೇ?

ಇನ್ನೊಬ್ಬರು: ಕ್ಯಾಮೆರಾ ಬೇಡ ಎನ್ನುತ್ತಿಲ್ಲ ಮಾರಾಯ್ರೆ. ಆದರೆ ಚಿತ್ರ ಸ್ಪಷ್ಟವಾಗಿರುವುದು ಬೇರೆ, ಅದು ಉಳಿಯುವುದು ಬೇರೆ. ಯಾರು, ಎಲ್ಲಿ, ಯಾವಾಗ, ಯಾಕೆ ಎಂಬ ಒಂದು ಸಾಲು ಜೊತೆಗಿದ್ದರೆ ಮಾತ್ರ ಚಿತ್ರಕ್ಕೆ ದೀರ್ಘಾಯುಷ್ಯ ಎಂಬುದು ನನ್ನ ವಾದ. ನಮ್ಮ ನಾಡಿನದೇ ಒಂದು ಪುರಾವೆ ಕೊಡುತ್ತೇನೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ದೇಗುಲಗಳನ್ನೂ ಮಂಟಪಗಳನ್ನೂ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ತೆಗೆದರು. ಆತನೂ ನಮ್ಮ ಹಾಗೆ ಹವ್ಯಾಸಿ. ಆ ನೆಗೆಟಿವ್‌ಗಳು ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. 127 ವರ್ಷಗಳಲ್ಲಿ ಯಾವ ಗೋಪುರ ಕುಸಿಯಿತು, ಯಾವ ಕಂಬ ಉರುಳಿತು ಎಂದು ಜೋಡಿ ಇಟ್ಟು ನೋಡುವುದು ಸಾಧ್ಯವಾದದ್ದು ಜಾಗವೂ ವರ್ಷವೂ ಗೊತ್ತಿದ್ದುದರಿಂದ. ಅದೂ ಹಂಪಿಯ ಕಲ್ಲುಗಳು ಇದ್ದಲ್ಲೇ ಇದ್ದವು, ಚಿತ್ರ ಯಾವುದರದ್ದೆಂದು ತಾವೇ ಹೇಳಿದವು. ಪೋಖ್ರಾಣ್ ರಸ್ತೆಯ ಒಂದು ಫ್ಲಾಟಿನಲ್ಲಿ ತೆಗೆದ ನಾಮಕರಣದ ಫೋಟೋಗೆ ಅಂಥ ಸಾಕ್ಷಿ ಎಲ್ಲಿದೆ?

ಮುಂಬಯಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ ಮರುವರ್ಷವೇ! ಇನ್ನೆರಡು ವರ್ಷ ಕಳೆಯುವಷ್ಟರಲ್ಲಿ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ ಹವ್ಯಾಸಿಗಳ ಹೆಸರಿನಲ್ಲೇ ತಿಂಗಳಿಗೊಂದು ಸಂಚಿಕೆಯಂತೆ ಫೋಟೋ ಆಲ್ಬಂ ಹೊರಡಿಸತೊಡಗಿದರು. ಅದರಲ್ಲಿ ಚಿತ್ರಗಳ ಜೊತೆ ಅಚ್ಚಾದ ವಿವರಣೆಯೂ ಇರುತ್ತಿತ್ತು. ಬರಹವಿಲ್ಲದ ಚಿತ್ರ ಅರ್ಧ ಚಿತ್ರ ಎಂಬುದು ಆ ಕಾಲದವರಿಗೂ ಗೊತ್ತಿತ್ತೆಂದಾಯಿತು. ಇದೇ ಜಾನ್ಸನ್ 1860ರ ದಶಕದಲ್ಲಿ ಮುಂಬಯಿಯ ಜನವರ್ಗಗಳ ಬಗ್ಗೆ ಪುಸ್ತಕ ತಂದಾಗ, ಸ್ಟುಡಿಯೋದಲ್ಲಿ ನಿಲ್ಲಿಸಿ ತೆಗೆದ ಜನರನ್ನು ಬೇರೆ ಕಡೆಯ ಹಿನ್ನೆಲೆಗೆ ಜೋಡಿಸಿದ. ಫೋಟೋಶಾಪ್ ಬರುವುದಕ್ಕೆ ಸವಾ ಶತಮಾನ ಮೊದಲಿನ ಮಾತು ಇದು. ಕಣ್ಣಿಗೆ ಕಂಡದ್ದೆಲ್ಲ ಹಾಗೇ ಇತ್ತು ಎಂದು ನಂಬಲು ಫೋಟೋವೊಂದೇ ಸಾಲದು.

ಒಬ್ಬರು: ನೀವು ಹೇಳಿದ್ದೆಲ್ಲ ಸಂಗ್ರಹಾಲಯಕ್ಕೆ ಸೇರಬೇಕಾದ ಚಿತ್ರಗಳ ವಿಚಾರ. ಮನೆಯ ಆಲ್ಬಮ್ಮಿಗೆ ಆ ಗತ್ತು ಯಾಕೆ? ಅಜ್ಜಿಯ ಪಕ್ಕದಲ್ಲಿ ಕೂತವರು ಯಾರೆಂದು ಮನೆಯವರಿಗೆ ಗೊತ್ತಿರುತ್ತದೆ. ಫೋಟೋ ನೋಡಿದ ಕೂಡಲೇ ಬಾಲ್ಯ ತಾನಾಗಿ ಕಣ್ಣ ಮುಂದೆ ಬರುತ್ತದೆ. ನೆನಪನ್ನು ಎಬ್ಬಿಸುವುದಕ್ಕೇ ತಾನೆ ಫೋಟೋ ಇರುವುದು?

ಇನ್ನೊಬ್ಬರು: ಎಬ್ಬಿಸುವುದೇನೋ ನಿಜ. ಆದರೆ ಎದ್ದು ಬಂದದ್ದು ನೆನಪೋ ಕಲ್ಪನೆಯೋ ಎಂದು ತಿಳಿಯುವುದು ಹೇಗೆ? 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. 20 ಮಂದಿ ವಯಸ್ಕರಿಗೆ ಅವರ ಬಾಲ್ಯದ ನಿಜವಾದ ಚಿತ್ರಗಳ ನಡುವೆ ಒಂದು ಸುಳ್ಳು ಚಿತ್ರ ಸೇರಿಸಿ ತೋರಿಸಿದರು. ಬಿಸಿಗಾಳಿಯ ಬಲೂನಿನಲ್ಲಿ ಅವರು ಹೋದಂತೆ ಅಂಟಿಸಿ ತಯಾರಿಸಿದ ಚಿತ್ರ ಅದು. ಕೆಲವು ಭೇಟಿಗಳ ನಂತರ ಅರ್ಧದಷ್ಟು ಜನ, ಎಂದೂ ನಡೆಯದ ಆ ಪ್ರಯಾಣವನ್ನು ಪೂರ್ತಿಯಾಗಿಯೋ ಭಾಗಶಃವೋ 'ನೆನಪಿಸಿಕೊಂಡರು'. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 6,641 ಜನರನ್ನು ಅವರ ಮೊಟ್ಟಮೊದಲ ನೆನಪು ಯಾವುದೆಂದು ಕೇಳಲಾಯಿತು. ಶೇ. 38.6ರಷ್ಟು ಮಂದಿ ಎರಡು ವರ್ಷ ಅಥವಾ ಅದಕ್ಕೂ ಕಡಿಮೆ ವಯಸ್ಸಿನದನ್ನು ಹೇಳಿದರು. ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸಿಗಿಂತ ಹಿಂದಿನದು ನೆನಪಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇವುಗಳಲ್ಲಿ ಬಹಳಷ್ಟು, ನೋಡಿದ ಫೋಟೋಗಳೂ ಮನೆಯಲ್ಲಿ ಕೇಳಿದ ಕಥೆಗಳೂ ಬೆರೆತು ಆದ ನೆನಪುಗಳು ಎಂದು ಸಂಶೋಧಕರು ಅಭಿಪ್ರಾಯಪಟ್ಟರು. ಹೀಗೆ ಫೋಟೋ ನೆನಪನ್ನು ಕಾಯುವುದರ ಜೊತೆಗೆ ಹೊಸದಾಗಿ ಹುಟ್ಟಿಸಲೂ ಬಲ್ಲದು. ಅದಕ್ಕೆ ಲಗಾಮು ಹಾಕುವುದು ಅಂದೇ ಬರೆದಿಟ್ಟ ದಿನಾಂಕ ಮತ್ತು ಹೆಸರು.

ಇನ್ನು ಮನೆಯವರಿಗೆ ಗೊತ್ತಿರುತ್ತದೆ ಎಂದಿರಿ. ಎಷ್ಟು ತಲೆಮಾರು? ಊರಲ್ಲೇ ಉಳಿದ ಕುಟುಂಬದಲ್ಲಾದರೆ ನೆರೆಯವರನ್ನೋ ದಾಯಾದಿಗಳನ್ನೋ ಕೇಳಬಹುದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳ ಕಥೆ ಬೇರೆ. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದು ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರ ಗುಂಪು ಚಿತ್ರಗಳನ್ನು ಯೋಚಿಸಿ. ಮೂವತ್ತು ಮುಖಗಳಿರುತ್ತವೆ. ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಚಿತ್ರದ ಕೆಳಗೆ 'ಕುಳಿತವರು ಎಡದಿಂದ ಬಲಕ್ಕೆ' ಎಂದು ಹೆಸರುಗಳಿದ್ದರೆ ಅದು ಚರಿತ್ರೆ. ಅದೇ ಚಿತ್ರ ಪೆಟ್ಟಿಗೆಯಲ್ಲಿ ಹಾಗೇ ಉಳಿದುಬಿಟ್ಟರೆ ಮೊಮ್ಮಗನಿಗೆ ಅದರಲ್ಲಿ ತನ್ನ ಅಜ್ಜ ಯಾರೆಂಬುದೂ ತಿಳಿಯದು. ಜಾಗಗಳೂ ಅಷ್ಟೇ. 1925ರಷ್ಟು ಹಿಂದೆ ಶುರುವಾದ ಇಲ್ಲಿನ ಉಣ್ಣೆ ಗಿರಣಿ, ಮುಂದೆ ರೇಮಂಡ್ ಎಂದು ಹೆಸರಾದದ್ದು, 2009ರಲ್ಲಿ ನಿಂತಿತು. ಹಳೆಯ ಕಾಲೊನಿಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿವೆ. ಗಿರಣಿಯ ಬಾಗಿಲ ಮುಂದೆ ತೆಗೆದ ಫೋಟೋವನ್ನು ಗುರುತಿಸಲು ಮುಂದಿನವರಿಗೆ ಆ ಬಾಗಿಲೇ ಸಿಗುವುದಿಲ್ಲ.

ಒಬ್ಬರು: ಸರಿ, ಪ್ರಿಂಟಿನ ಕಾಲಕ್ಕೆ ಆ ವಾದ ಸಲ್ಲುತ್ತದೆ. ಈಗ ಬರೆಯುವ ಕೆಲಸವನ್ನು ಯಂತ್ರವೇ ಮಾಡುತ್ತದಲ್ಲ? ಕ್ಲಿಕ್ ಮಾಡಿದ ಕ್ಷಣವೇ ದಿನಾಂಕ, ಸಮಯ, ಶಟರ್ ವೇಗ ಎಲ್ಲ ಫೈಲಿನೊಳಗೆ ಎಕ್ಸಿಫ್ ಮಾಹಿತಿಯಾಗಿ ಸೇರುತ್ತವೆ. ಫೋನಾದರೆ ಜಾಗವನ್ನೂ ಬರೆದುಕೊಳ್ಳುತ್ತದೆ. ಒಂದು ಮುಖ ತೋರಿಸಿದರೆ ಆ ಮುಖವಿರುವ ಚಿತ್ರಗಳನ್ನೆಲ್ಲ ಒಟ್ಟು ಮಾಡಿ ಕೊಡುತ್ತದೆ. ಪೆನ್ಸಿಲ್ ಹಿಡಿದು ಕೂರುವ ಕೆಲಸ ನಮಗೇಕೆ?

ಇನ್ನೊಬ್ಬರು: ಯಂತ್ರ ಬರೆಯುತ್ತದೆ, ಒಪ್ಪಿದೆ. ಆದರೆ ಅದು ಬರೆದದ್ದು ಎಷ್ಟು ಬೇಗ ಅಳಿಸಿಹೋಗುತ್ತದೆ ನೋಡಿ. ಬಹಳ ದಿನ ಬಳಸದ ಕ್ಯಾಮೆರಾದ ಒಳಗಿನ ಗಡಿಯಾರದ ಬ್ಯಾಟರಿ ಇಳಿದರೆ ದಿನಾಂಕ ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಗಮನಿಸದೆ ಕ್ಲಿಕ್ಕಿಸಿದರೆ ಈ ವರ್ಷದ ಗಣೇಶ ಚತುರ್ಥಿಯ ಚಿತ್ರಗಳು ಆ ಹಳೆಯ ಜನವರಿಗೆ ಸೇರಿಬಿಡುತ್ತವೆ. ಫೈಲುಗಳ ಅಂಕಿ 9999 ದಾಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಎರಡು ಫೈಲುಗಳನ್ನು ಒಂದೇ ಫೋಲ್ಡರಿಗೆ ಸುರಿಯುವಾಗ ಕಂಪ್ಯೂಟರ್ ಕೇಳುವ ಪ್ರಶ್ನೆಗೆ ಅವಸರದಲ್ಲಿ 'ಹೌದು' ಎಂದು ಒತ್ತಿದರೆ ಹಳೆಯದು ಹೋಯಿತು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರ ಗಾತ್ರದಲ್ಲಿ ಕುಗ್ಗುತ್ತದೆ, ಅದರ ಎಕ್ಸಿಫ್ ಮಾಹಿತಿಯೂ ಕಳಚಿಹೋಗುತ್ತದೆ. ಅದಕ್ಕೆ ಸಿಗುವ ಹೊಸ ಹೆಸರಿನಲ್ಲಿ ಇರುವುದು ಅದು ನಿಮಗೆ ಬಂದ ದಿನಾಂಕ, ತೆಗೆದ ದಿನಾಂಕವಲ್ಲ. ನಮ್ಮ ಮದುವೆ ಮುಂಜಿಗಳ ಚಿತ್ರಗಳು ಬಂಧುಗಳನ್ನು ತಲುಪುವುದು ಬಹುಪಾಲು ಇದೇ ದಾರಿಯಲ್ಲಿ. ಗೂಗಲ್ ಫೋಟೋಸ್‌ನಲ್ಲಿ ಕೂತು ಶೀರ್ಷಿಕೆ ಬರೆದವರಿಗೂ ಒಂದು ಬಲೆ ಇದೆ. ಖಾತೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಂಡಾಗ ಆ ಬರಹ ಪ್ರತ್ಯೇಕವಾದ ಪುಟ್ಟ ಫೈಲುಗಳಲ್ಲಿ ಬರುತ್ತದೆ. ಅವನ್ನು ಕಸವೆಂದು ಅಳಿಸಿದರೆ ಬರೆದದ್ದೆಲ್ಲ ವ್ಯರ್ಥ.

ಮುಖ ಗುರುತಿಸುವ ವಿಷಯಕ್ಕೆ ಬನ್ನಿ. ಈ ಮುಖವೂ ಆ ಮುಖವೂ ಒಂದೇ ಎಂದು ಯಂತ್ರ ಹೇಳಬಲ್ಲದು. ಆಕೆ ನಿಮ್ಮ ಸೋದರತ್ತೆ, ಬಾಣಂತನಕ್ಕೆಂದು ಊರಿನಿಂದ ಬಂದು ಆರು ತಿಂಗಳು ನಿಂತವರು, ಅಂದು ಮಡಿಲಲ್ಲಿದ್ದ ಕೂಸು ನೀವೇ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಸಂಬಂಧ, ಸಂದರ್ಭ, ಕಾರಣ ಈ ಮೂರೂ ಮನುಷ್ಯರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಬಾಲ್ಯದ ಚಿತ್ರದಲ್ಲಿ ಬೆಲೆಯುಳ್ಳದ್ದೂ ಇವೇ.

ಒಬ್ಬರು: ಹಾಗಾದರೆ ನಿಮ್ಮ ಬರಹ ಮಾತ್ರ ಚಿರಂಜೀವಿಯೇ? ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚುಕಟ್ಟಾಗಿ ಕನ್ನಡ ಶೀರ್ಷಿಕೆ ಟೈಪಿಸಿಟ್ಟವರ ಫೈಲುಗಳನ್ನು ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಸಿ.ಡಿ.ಗೆ ಬರೆದಿಟ್ಟವರಿಗೆ ಅದನ್ನು ಓದುವ ಡ್ರೈವೇ ಇಲ್ಲ. ಪ್ರಿಂಟ್ ಹಾಕಿಸಿ ಬೆನ್ನಿಗೆ ಬರೆದರು ಅಂದುಕೊಳ್ಳಿ, 2005ರ ಜುಲೈ 26ನ್ನು ಮರೆಯುವುದು ಹೇಗೆ? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಕಲ್ಯಾಣ, ಬದಲಾಪುರದ ಕಡೆ ಉಲ್ಹಾಸ ನದಿ ಮನೆಗಳಿಗೇ ನುಗ್ಗಿತು. ಟ್ರಂಕಿನಲ್ಲಿದ್ದ ಆಲ್ಬಮ್ಮುಗಳು ನೀರು ಕುಡಿದು ಹಾಳೆಗೆ ಹಾಳೆ ಅಂಟಿಕೊಂಡವು. ಆವತ್ತು ಬೆನ್ನಿನ ಬರಹ ಏನು ಮಾಡಿತು?

ಇನ್ನೊಬ್ಬರು: ಗಟ್ಟಿಯಾದ ಆಕ್ಷೇಪವೇ. ಯಾವ ಮಾಧ್ಯಮವೂ ಶಾಶ್ವತವಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಆದರೆ ಆಗ ಕಳೆದದ್ದು ಅದು ಒಂದೇ ಕಡೆ ಇದ್ದುದರಿಂದ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಚಿತ್ರ ಸಂಗ್ರಹದ ಬಗ್ಗೆ ಬರೆಯುತ್ತಾ ಒಂದು ಸರಳ ಸೂತ್ರ ಹೇಳಿದರು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮೂರನೆಯದು ಕ್ಲೌಡಿನಲ್ಲಿ ಅಥವಾ ಊರಿನ ಅಣ್ಣನ ಮನೆಯಲ್ಲಿ. ಕ್ಲೌಡನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ 2021ರ ಜೂನ್ 1 ಸಾಕ್ಷಿ. ಅಲ್ಲಿಯವರೆಗೆ ಎಷ್ಟು ಬೇಕಾದರೂ ಪುಕ್ಕಟೆಯಾಗಿ ಇರಿಸಿಕೊಳ್ಳುತ್ತಿದ್ದ ಗೂಗಲ್ ಫೋಟೋಸ್ ಅಂದಿನಿಂದ ಮಿತಿ ಹಾಕಿತು. ಪುಕ್ಕಟೆ ಎಂದು ಬಂದದ್ದು ಪುಕ್ಕಟೆಯಾಗಿಯೇ ಉಳಿಯಬೇಕೆಂದು ಕೇಳುವ ಹಕ್ಕು ನಮಗಿಲ್ಲ.

ಫಾಂಟಿನ ಗೋಳಿಗೂ ಮದ್ದು ಇದೆ. ಕನ್ನಡ ಲಿಪಿಗೆ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತ್ತು. ಯೂನಿಕೋಡಿನಲ್ಲಿ ಟೈಪಿಸಿದ ಕನ್ನಡ ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯದನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಸಿಗುತ್ತವೆ. ಪೂರ್ಣಚಂದ್ರ ತೇಜಸ್ವಿಯವರನ್ನು ಇಲ್ಲಿ ನೆನೆಯಬೇಕು. ಹಕ್ಕಿಗಳ ಚಿತ್ರ ತೆಗೆಯಲು ಗಂಟೆಗಟ್ಟಲೆ ಕಾಯುತ್ತಿದ್ದವರೇ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ನಿಲ್ಲಬೇಕೆಂದೂ ಪಟ್ಟು ಹಿಡಿದರು. ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ಆ ಆಸಕ್ತಿಗಳನ್ನು ಬೇರೆ ಬೇರೆ ಎಂದು ನಾನು ನೋಡಲಾರೆ. ನೋಡಿದ್ದನ್ನು ತನ್ನ ನುಡಿಯಲ್ಲಿ ಹೆಸರಿಟ್ಟು ಉಳಿಸುವ ಹಂಬಲ ಎಲ್ಲದರಲ್ಲೂ ಇದೆ. ಜೊತೆಗೆ, ವರ್ಷಕ್ಕೆ ಒಂದಿಷ್ಟು ಆಯ್ದ ಚಿತ್ರಗಳ ಪ್ರಿಂಟ್ ಇರಲಿ. ಅಂಟು ಹಾಳೆಯ ಆಲ್ಬಂ ಬೇಡ, ಅದರ ಅಂಟೇ ಚಿತ್ರವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯದಿರಲಿ ಎಂದು ಸಿಲಿಕಾ ಜೆಲ್ ಇಡುವ ನಾವು ಪ್ರಿಂಟುಗಳಿಗೂ ಅಷ್ಟು ಮುತುವರ್ಜಿ ತೋರಿಸಿದರೆ ಸಾಕು.

ಒಬ್ಬರು: ಒಪ್ಪಿದೆ ಅಂದುಕೊಳ್ಳಿ. ಆದರೆ ಒಂದು ಮದುವೆಗೆ ಹೋದರೆ ಎಂಟುನೂರು ಚಿತ್ರ, ಠಾಣೆಯ ಖಾಡಿಗೆ (ಕಡಲ ಹಿನ್ನೀರಿಗೆ) ಫ್ಲೆಮಿಂಗೊ ಬಂದರೆ ಒಂದೇ ಬೆಳಿಗ್ಗೆ ಎರಡು ಸಾವಿರ. ಇವಕ್ಕೆಲ್ಲ ಸಾಲು ಬರೆಯುತ್ತ ಕೂತರೆ ಹವ್ಯಾಸ ಹೋಗಿ ಗುಮಾಸ್ತಗಿರಿ ಆಗುತ್ತದೆ. ವಾರವಿಡೀ ಲೋಕಲ್ ರೈಲಿನಲ್ಲಿ ನಿಂತು ಬರುವವರಿಗೆ ಭಾನುವಾರವೂ ಆಫೀಸೇ?

ಇನ್ನೊಬ್ಬರು: ಎರಡು ಸಾವಿರಕ್ಕೂ ಬರೆಯಿರಿ ಎಂದು ಯಾರೂ ಹೇಳುವುದಿಲ್ಲ. ಇಪ್ಪತ್ತನ್ನು ಆರಿಸಿ, ಅವಕ್ಕೆ ಬರೆಯಿರಿ, ಉಳಿದವಕ್ಕೆ ಫೋಲ್ಡರಿನ ಹೆಸರಿನಲ್ಲಿ ದಿನಾಂಕ ಮತ್ತು ಜಾಗ ಇದ್ದರೆ ಸಾಕು. ಆರಿಸುವುದು ಛಾಯಾಗ್ರಹಣದ ಅರ್ಧ ವಿದ್ಯೆ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಎಷ್ಟೋ ಭಾರತೀಯ ಮನೆಗಳ ಮೊದಲ ಕ್ಯಾಮೆರಾ ಆಗಿತ್ತು. ಅದರ ಒಂದು ರೋಲಿಗೆ 12 ಚಿತ್ರ. ಆ ಹನ್ನೆರಡನ್ನು ಯಾರಿಗೆ, ಯಾವ ಗಳಿಗೆಗೆ ಮೀಸಲಿಡಬೇಕೆಂದು ಜನ ಕ್ಲಿಕ್ಕಿಸುವ ಮೊದಲೇ ಯೋಚಿಸುತ್ತಿದ್ದರು. ಬಡತನವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಡಿಜಿಟಲ್ ಕ್ಯಾಮೆರಾ ಆ ಯೋಚನೆಯನ್ನು ಕ್ಲಿಕ್ಕಿನ ಆಚೆಗೆ ತಳ್ಳಿತು, ನಾವು ಅಲ್ಲೂ ಅದನ್ನು ಮಾಡದೆ ಬಿಟ್ಟೆವು ಅಷ್ಟೆ.

ಗಮನಕ್ಕೂ ನೆನಪಿಗೂ ಇರುವ ನಂಟಿನ ಬಗ್ಗೆ ಸಂಶೋಧನೆಗಳಿವೆ. ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗ್ರಹಾಲಯದ ವಸ್ತುಗಳ ಫೋಟೋ ತೆಗೆದವರಿಗೆ ಆ ವಸ್ತುಗಳು, ಬರಿಗಣ್ಣಿನಲ್ಲಿ ನೋಡಿದವುಗಳಿಗಿಂತ ಕಡಿಮೆ ನೆನಪಿದ್ದವು. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಮಾತ್ರ ಆ ನಷ್ಟ ಕಾಣಲಿಲ್ಲ. ಇದಕ್ಕೆ ಎದುರಾದ ಪುರಾವೆಯೂ ಇದೆ, ಅದನ್ನು ಮುಚ್ಚಿಡಬಾರದು. ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ತಮ್ಮಿಷ್ಟದಂತೆ ಫೋಟೋ ತೆಗೆದವರಿಗೆ ಕಣ್ಣಿನಿಂದ ಕಂಡದ್ದು ಹೆಚ್ಚು ನೆನಪಿತ್ತು. ಆದರೆ ಅದೇ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ಕಡಿಮೆ ನೆನಪಿತ್ತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಕ್ಯಾಮೆರಾ ರೂಪವನ್ನು ಹಿಡಿದುಕೊಟ್ಟು ಮಾತನ್ನು ಕಳೆಯುತ್ತದೆ. ಕಳೆಯುವ ಮಾತನ್ನು ಹಿಡಿಯಲು ಬರಹವೇ ಬೇಕು. ಮಗು ಆವತ್ತು ಏನೆಂದಿತು, ಅಜ್ಜ ಏನೆಂದು ಗದರಿದರು ಎಂಬುದನ್ನು ಅಂದೇ ಒಂದು ಸಾಲಿನಲ್ಲಿ ಬರೆಯದಿದ್ದರೆ ಚಿತ್ರ ಮೂಕವಾಗುತ್ತದೆ.

ಫ್ಲೆಮಿಂಗೊಗಳ ಮಾತೆತ್ತಿದಿರಿ, ಅಲ್ಲೂ ಇದೇ ನ್ಯಾಯ. ಠಾಣೆ ಖಾಡಿಯ ಫ್ಲೆಮಿಂಗೊ ಧಾಮ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ಮಹತ್ವದ ಜೌಗುನೆಲಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಯಾವ ದಿನ, ಖಾಡಿಯ ಯಾವ ದಂಡೆ, ಭರತವೋ ಇಳಿತವೋ, ಸುಮಾರು ಎಷ್ಟು ಹಕ್ಕಿ, ಕಾಲಿನಲ್ಲಿ ಸಂಶೋಧಕರ ಉಂಗುರವಿತ್ತೇ ಎಂದು ಬರೆದಿಟ್ಟರೆ ಹವ್ಯಾಸಿಯ ಚಿತ್ರವೂ ಪಕ್ಷಿ ಅಧ್ಯಯನಕ್ಕೆ ದಾಖಲೆಯಾಗುತ್ತದೆ. ಬರೆಯದಿದ್ದರೆ ಎಷ್ಟು ದುಬಾರಿ ಲೆನ್ಸಿನಿಂದ ತೆಗೆದರೂ ಅದು ಶುಭೋದಯದ ಸಂದೇಶಕ್ಕಷ್ಟೇ ಸರಿ.

ಒಬ್ಬರು: ಕೊನೆಯದಾಗಿ ಒಂದು ಅನುಮಾನ. ಬರೆದದ್ದೂ ಸುಳ್ಳಾಗಬಹುದಲ್ಲ? ಅದಕ್ಕಿಂತ ಹೆಚ್ಚಾಗಿ, ಮಕ್ಕಳ ಹೆಸರು, ಶಾಲೆ, ಮನೆಯ ಜಾಗ ಎಲ್ಲವನ್ನೂ ಫೋಟೋಗೆ ಅಂಟಿಸಿ ಜಗತ್ತಿಗೆ ಹರಡುವುದು ಅಪಾಯ. ಗೂಡಿನಲ್ಲಿರುವ ಹಕ್ಕಿಯ ಜಾಗ ಹೇಳಿದರೆ ಮರುದಿನ ಅಲ್ಲಿ ಕ್ಯಾಮೆರಾಗಳ ಜಾತ್ರೆ.

ಇನ್ನೊಬ್ಬರು: ಬರಹದಲ್ಲಿ ತಪ್ಪಿರಬಹುದು, ನಿಜ. ಆದರೆ ಬರೆದ ತಪ್ಪನ್ನು ಇನ್ನೊಬ್ಬರು ತಿದ್ದಬಹುದು, ಬರೆಯದೇ ಬಿಟ್ಟದ್ದನ್ನು ತಿದ್ದಲು ಯಾರಿಗೂ ಆಗದು. ಖಚಿತವಿಲ್ಲದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅದೂ ಪ್ರಾಮಾಣಿಕ ದಾಖಲೆಯೇ. ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬರೆದಿಡುವುದಕ್ಕೂ ಬಿತ್ತರಿಸುವುದಕ್ಕೂ ವ್ಯತ್ಯಾಸವಿದೆ. ಮನೆಯ ಪ್ರತಿಯಲ್ಲಿ ಎಲ್ಲವೂ ಇರಲಿ, ಹೊರಗೆ ಹಂಚುವ ಪ್ರತಿಯಲ್ಲಿ ಮಗುವಿನ ಹೆಸರೂ ಗೂಡಿನ ಜಾಗವೂ ಇಲ್ಲದಿರಲಿ. ಹಾಗೆ ಪ್ರತ್ಯೇಕಿಸುವುದು ಇಂದಿನ ತಂತ್ರಾಂಶಗಳಲ್ಲಿ ಕಷ್ಟದ ಕೆಲಸವೇನಲ್ಲ.

ಆದ್ದರಿಂದ ಹೊಸ ಕ್ಯಾಮೆರಾ ಬೇಕಿದ್ದರೆ ಖಂಡಿತ ಕೊಳ್ಳಿ. ಆದರೆ ಅದಕ್ಕೂ ಮೊದಲು ಈ ಮಳೆಗಾಲದ ಭಾನುವಾರಗಳಲ್ಲಿ, ಹೊರಗೆ ಹೋಗಲಾಗದ ಹೊತ್ತಿನಲ್ಲಿ, ಲಾಫ್ಟಿನ ಆಲ್ಬಮ್ಮನ್ನು ಇಳಿಸಿ ಮನೆಯ ಹಿರಿಯರ ಪಕ್ಕದಲ್ಲಿ ಕೂರಿ. ಒಂದೊಂದೇ ಚಿತ್ರಕ್ಕೆ ಯಾರು, ಎಲ್ಲಿ, ಯಾವಾಗ ಎಂದು ಕೇಳಿ. ಪ್ರಿಂಟಿನ ಬೆನ್ನಿಗೆ ಮೆದು ಪೆನ್ಸಿಲಿನಲ್ಲಿ, ಫೈಲಿನ ಒಳಗೆ ಯೂನಿಕೋಡ್ ಕನ್ನಡದಲ್ಲಿ ಬರೆದುಕೊಳ್ಳಿ. ಕ್ಯಾಮೆರಾ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಇಳಿದರೂ ಇಳಿದೀತು. ಉತ್ತರ ಹೇಳಬಲ್ಲ ಹಿರಿಯರು ಮುಂದಿನ ವರ್ಷ ಸಿಗುತ್ತಾರೆಂಬ ಖಾತರಿ ಯಾರಿಗೂ ಇಲ್ಲ.